ಸೀಟಿ ಮಾವನ ಹಾಡು

ಚಿತ್ತವಾಡ್ಗಿ, ಹೊಸಪೇಟೆ
೧೧ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಹುಲಿಗೇಶ,

ನಿನ್ನ ಪತ್ರ ಗುರುವಾರವೇ ಬಂತು. ನಾನು ಫೋನ್ ಎತ್ತುವುದಿಲ್ಲ ಎಂದು ಕಾಗದ ಬರೆದೆಯಲ್ಲ, ಒಳ್ಳೆಯದಾಯಿತು. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ಮೂರು ಮಾತು ತೂರಿಸುತ್ತೀಯ. ಕಾಗದವಾದರೆ ಬಾಯಿ ಮುಚ್ಚಿಕೊಂಡು ಓದಲೇಬೇಕು. ‘ಪ್ರೀತಿಯ’ ಎಂದು ಬರೆದದ್ದಕ್ಕೆ ಹಿಗ್ಗಬೇಡ. ಪ್ರೆಸ್ಸಿನಲ್ಲಿ ದಿನಕ್ಕೆ ನಾಲ್ಕು ಲಗ್ನಪತ್ರಿಕೆ, ಎರಡು ಶ್ರದ್ಧಾಂಜಲಿ ಫ್ಲೆಕ್ಸ್ ಟೈಪ್ ಮಾಡುವವಳ ಬೆರಳಿಗೆ ಇಂಥ ಪದಗಳು ತಾವಾಗಿಯೇ ಬರುತ್ತವೆ.

ನೀನು ಬರೆದದ್ದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದರೆ ವಿಷಯ ಇಷ್ಟು. ಡಿಸೆಂಬರ್ ಕೊನೆಯ ಶನಿವಾರ ಹಂಪಿ ಹತ್ತಿರದ ಯಾವುದೋ ರೆಸಾರ್ಟಿನವರು ಕಾರ್ಯಕ್ರಮ ಇಟ್ಟಿದ್ದಾರೆ, ‘ಕೆಂಪು ಬನಿಯನ್’ ಬ್ಯಾಂಡ್ ಮತ್ತೆ ಹಾಡಬೇಕಂತೆ. ಮಾರುತೇಶನ ಜಾಗದಲ್ಲಿ ಸಂಡೂರಿನ ಮೂಕಣ್ಣ ಡ್ರಮ್ ಬಾರಿಸುತ್ತಾನೆ. ಬೇಸ್ ಗಿಟಾರ್ ನಾನು ಹಿಡಿಯಬೇಕು. ಕೊನೆಯಲ್ಲಿ ಸೀಟಿ ಮಾವನ ಹಾಡು ಆಗಲೇಬೇಕು, ಅದಕ್ಕೆ ನಮ್ಮಪ್ಪನೇ ಸ್ಟೇಜಿಗೆ ಬಂದು ಸೀಟಿ ಊದಬೇಕು. ನೀನು ಅಪ್ಪನನ್ನು ಕ್ಷಮಿಸಿದ್ದೀಯ. ಜನರ ಎದುರು ಬೈದವನು ಜನರ ಎದುರೇ ಅವನ ಕೈ ಹಿಡಿಯುತ್ತೀಯ. ಅದಾದ ಮೇಲೆ ನಾನು ಕಂಪ್ಲಿಗೆ ಬರಬಹುದು, ನಿಮ್ಮಣ್ಣನ ರೈಸ್ ಮಿಲ್ಲಿನ ಮೇಲಿನ ಎರಡು ಕೋಣೆಗೆ ಸುಣ್ಣ ಹೊಡೆಸಿದ್ದೀಯ.

ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಕ್ಷಮಿಸಿದ್ದೇನೆ ಎನ್ನುವ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡ. ‘ಹುಲಿಗ್ಯಾ ಭಾಳ ದೊಡ್ಡ ಮನಸು ಮಾಡ್ಯಾನವ್ವಾ, ಹೋಗೂಣು’ ಎಂದ. ಮರುದಿನ ತನ್ನ ಬಿಳಿ ಅಂಗಿಯನ್ನು ಇಸ್ತ್ರಿ ಅಂಗಡಿಗೆ ಕೊಟ್ಟು ಬಂದ. ಕಾರ್ಯಕ್ರಮಕ್ಕೆ ಇನ್ನೂ ಐವತ್ತು ದಿನ ಇದೆ. ನಾನು ಅದನ್ನು ನೋಡುತ್ತ ನಿಂತಿದ್ದೆ. ಅಳು ಬರಬೇಕಿತ್ತೋ ನಗು ಬರಬೇಕಿತ್ತೋ, ಎರಡೂ ಬರಲಿಲ್ಲ. ಹಲ್ಲು ಕೀಳಿಸುವ ಮೊದಲು ಇಂಜೆಕ್ಷನ್ ಕೊಟ್ಟಾಗ ತುಟಿ ಇರುತ್ತದಲ್ಲ, ನಾನು ಹಾಗಿದ್ದೇನೆ. ಬಹಳ ದಿನದಿಂದ ಹೀಗೇ.

ರೆಸಾರ್ಟಿನವರಿಗೆ ಬ್ಯಾಂಡಿನ ಪರಿಚಯ ಒಂದು ಪುಟ ಬೇಕಂತೆ, ‘ಬರಿಯಾಕಿ ನೀನೇ ಅಲ್ಲ’ ಎಂದಿದ್ದೀಯ. ಎರಡು ವರ್ಷ ಎಂಟು ತಿಂಗಳು ಬಿಟ್ಟಿದ್ದರೂ ನನಗೆ ಕೆಲಸ ಹಚ್ಚುವುದನ್ನು ನೀನು ಮರೆತಿಲ್ಲ. ಬರೆಯಲು ಕೂತೆ. ಒಂದು ಪುಟಕ್ಕೆ ನಿಲ್ಲಲಿಲ್ಲ, ಅವರಿಗೆ ಕೊಡುವ ಹಾಗೂ ಆಗಲಿಲ್ಲ. ಇಲ್ಲಿಯೇ ಬರೆಯುತ್ತೇನೆ, ನೀನು ಬೇಕಾದಷ್ಟು ಕತ್ತರಿಸಿಕೋ.

ಹಂಪಿಯ ಹೊಳೆಯಾಚೆ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಕಂಪ್ಲಿಯ ಹುಲಿಗೇಶನಿಗೆ ಯಾರೋ ವಿದೇಶಿ ಪ್ರವಾಸಿ ತನ್ನ ಹಳೆಯ ಗಿಟಾರ್ ಬಿಟ್ಟು ಹೋದ. ಅದರಲ್ಲಿ ಮೂರೇ ತಂತಿ ಇದ್ದವು. ಉಳಿದ ಮೂರನ್ನು ಹಾಕಿಸುವ ಬದಲು ಹುಲಿಗೇಶ ಅಷ್ಟರಲ್ಲೇ ಸಂಸಾರ ನಡೆಸಿದ. ಇದಕ್ಕೆ ಪಂಕ್ ರಾಕ್ ಎನ್ನುತ್ತಾರೆ ಎಂದು ಇನ್ನೊಬ್ಬ ಪ್ರವಾಸಿ ಹೇಳಿದ ಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಗಾದಿಗನೂರಿನ ಮಾರುತೇಶ ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಪಂಕ್ ಅಂದರೇನು ಎಂದು ಅವನು ಕೇಳಿದಾಗ ನೀನು ‘ಜಲ್ದಿ ಬಾರಿಸಬೇಕು, ತಪ್ಪಿದ್ರ ಇನ್ನೂ ಜಲ್ದಿ ಬಾರಿಸಬೇಕು’ ಎಂದೆ. ‘ಮದುಮಗನ ಮೆರವಣಿಗಿ ಮಂಟಪದ ಹತ್ರ ಬಂದಾಗ ಬಾರಿಸ್ತೀವಲ್ಲ, ಹಂಗ ಅನ್ನು’ ಎಂದ ಅವನು. ಅಷ್ಟರಲ್ಲಿ ಅವನ ತರಬೇತಿ ಮುಗಿಯಿತು. ನನ್ನನ್ನು ಸೇರಿಸಿಕೊಂಡದ್ದು ನನಗೆ ಬೇಸ್ ಬರುತ್ತದೆ ಎಂದಲ್ಲ, ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಪ್ರಿನ್ಸಿಪಾಲರ ಮೇಲೆ ಚುಟುಕ ಬರೆದು ಬೈಸಿಕೊಂಡಿದ್ದೆ ಎಂದು.

ಹೆಸರು ಇಟ್ಟವನು ಮಾರುತೇಶ. ಯಶವಂತನಗರದಲ್ಲಿ ನಮ್ಮ ಮನೆಯ ಮುಂದಿನ ತಂತಿಯ ಮೇಲೆ ಅಪ್ಪನ ಐದು ಬನಿಯನ್ ಒಣಗುತ್ತಿದ್ದವು. ಗಣಿಯ ಅದಿರಿನ ಧೂಳಿಗೆ ಐದೂ ಕೆಂಪು. ಯಾವ ಸೋಪಿಗೂ ಬಿಡದ ಕೆಂಪು. ‘ಇದ ನೋಡಲೇ ನಮ್ಮ ಯೂನಿಫಾರ್ಮು’ ಎಂದ.

ಮೊದಲ ಪ್ರೋಗ್ರಾಮು ಹೊಸಪೇಟೆಯ ಒಂದು ಓಣಿಯ ಗಣೇಶನ ಮುಂದೆ. ಸಮಿತಿಯ ಸುಂಕಪ್ಪ ಭಕ್ತಿಗೀತೆ ಹಾಡ್ರಿ ಎಂದಿದ್ದರು. ನಾವು ‘ಕ್ಯಾಂಟೀನ್ ಉಪ್ಪಿಟ್ಟು’ ಹಾಡಿದೆವು. ಆ ಹಾಡು ಇದ್ದದ್ದೇ ನಲವತ್ತು ಸೆಕೆಂಡು, ಅದರೊಳಗೇ ಸುಂಕಪ್ಪ ಓಡಿ ಬಂದು ವೈರ್ ಕಿತ್ತರು. ನಿನ್ನ ಗಿಟಾರ್ ಸತ್ತಿತು, ನನ್ನದೂ ಸತ್ತಿತು. ಡ್ರಮ್ಮಿಗೆ ಕರೆಂಟ್ ಬೇಡವಲ್ಲ, ಮಾರುತೇಶ ಬಾರಿಸುತ್ತಲೇ ಇದ್ದ. ಸುಂಕಪ್ಪ ಅವನ ಸುತ್ತ ಯಾವ ವೈರ್ ಕೀಳಲಿ ಎಂದು ಹುಡುಕುತ್ತಿದ್ದರು. ಜನ ಬಿದ್ದು ಬಿದ್ದು ನಕ್ಕರು. ನಾವು ತಮಾಷೆಯ ಬ್ಯಾಂಡ್ ಎಂದು ನಮಗೆ ಗೊತ್ತಾದದ್ದು ಅವತ್ತೇ.

ಆಮೇಲೆ ಆ ಹಾಡು. ಅದು ಹುಟ್ಟಿದ್ದು ಹೇಗೆ ಎಂದು ರೆಸಾರ್ಟಿನವರಿಗೆ ಬರೆಯುವುದಾದರೆ ಅಪ್ಪನ ಕೆಲಸ ಏನೆಂದು ಮೊದಲು ಹೇಳಬೇಕು. ಗಣಿಯಲ್ಲಿ ಬಂಡೆ ಸಿಡಿಸುವ ಮೊದಲು ಎರಡು ಸೈರನ್ ಆಗುತ್ತವೆ. ಮೊದಲನೆಯದಕ್ಕೆ ರಸ್ತೆಯ ಎರಡೂ ಕಡೆ ಬಾವುಟದವರು ನಿಲ್ಲಬೇಕು, ಎರಡನೆಯದರ ಹಿಂದೆಯೇ ಸಿಡಿತ. ಯಶವಂತನಗರದ ಕಡೆಯ ತಿರುವಿನಲ್ಲಿ ಬಾವುಟ ಹಿಡಿಯುವವನು ಜಂಬಪ್ಪ, ನಮ್ಮಪ್ಪ. ಒಂದೇ ಉದ್ದ ಸೀಟಿ ಊದಿ ಕೆಂಪು ಬಾವುಟ ಹಿಡಿದರೆ ಲಾರಿಯೇ ಬರಲಿ ಸಾಹೇಬರ ಜೀಪೇ ಬರಲಿ ನಿಲ್ಲಬೇಕು. ಎರಡು ಗಿಡ್ಡ ಸೀಟಿ ಊದಿದರೆ ಹೋಗಬಹುದು. ಮೂವತ್ತೊಂದು ವರ್ಷ ಇದೇ ಕೆಲಸ.

ನೀನು ನನ್ನನ್ನು ನೋಡಲು ಬೈಕಿನಲ್ಲಿ ಬರುತ್ತಿದ್ದದ್ದು ಅವನಿಗೆ ಗೊತ್ತಾದ ವಾರ ಏನಾಯಿತು ಎಂದು ನಿನಗೆ ನೆನಪಿರಬೇಕು. ಕೆಂಪು ಬಾವುಟ ಹಿಡಿದು ನಿನ್ನನ್ನು ಮುಕ್ಕಾಲು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿದ. ಅವತ್ತು ಸಿಡಿತವೇ ಇರಲಿಲ್ಲ. ನೀನು ಸುಟ್ಟ ಬದನೆಕಾಯಿಯಂಥ ಮುಖ ಮಾಡಿಕೊಂಡು ಬಂದು ‘ನಿಮ್ಮಪ್ಪನ ಮ್ಯಾಲ ಒಂದು ಹಾಡು ಮಾಡ್ತೀನಿ ನೋಡು’ ಎಂದೆ. ಸಾಲುಗಳನ್ನು ಬರೆದವಳು ನಾನೇ.

ನಿಲ್ಲಲೇ ನಿಲ್ಲಲೇ ಅಂತಾನ ಮಾವ
ಗುಡ್ಡ ಹಾರೂದು ಬಾಕಿ ಐತಿ
ಹೆಣ್ಣು ಕೊಡೂದ ಬಿಟ್ಟು ಮಾವ
ಸೀಟಿ ಊದಾದು ಚಾಕರಿ ಐತಿ

ಹಾಡಿನ ಸೀಟಿಯೂ ನನ್ನ ತಲೆಯಿಂದಲೇ ಬಂತು. ಎರಡು ಗಿಡ್ಡ, ಹಿಂದೆಯೇ ಒಂದು ಉದ್ದ. ಮಾವ ಹೋಗು ಎನ್ನುತ್ತಾನೋ ನಿಲ್ಲು ಎನ್ನುತ್ತಾನೋ ಹುಡುಗನಿಗೆ ಗೊತ್ತಾಗಬಾರದು, ಅದೇ ಮಜಾ ಎಂದು ನಿಮಗಿಬ್ಬರಿಗೂ ವಿವರಿಸಿದ್ದೆ. ಎಷ್ಟು ಜಾಣೆ ನೋಡು ನಾನು.

ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿದು ಸಂಡೂರಿನಿಂದ ಹೊಸಪೇಟೆವರೆಗೆ ಲಾರಿಯವರೆಲ್ಲ ಹಾರ್ನಿನಲ್ಲಿ ಅದನ್ನೇ ಹೊಡೆಯತೊಡಗಿದರು. ಕ್ಯಾಂಟೀನಿನಲ್ಲಿ ಅಪ್ಪ ತಟ್ಟೆ ಹಿಡಿದು ಹೋದರೆ ನಲವತ್ತು ಜನ ಒಟ್ಟಿಗೆ ಸೀಟಿ ಊದುತ್ತಿದ್ದರಂತೆ. ಒಂದು ಸಂಜೆ ಮನೆಗೆ ಬಂದು ಊಟ ಮಾಡದೆ ಕೂತ. ‘ನಾ ಅಷ್ಟು ನಗೂ ಹಂಗ ಅದೀನೇನವ್ವಾ’ ಎಂದು ಕೇಳಿದ. ನನ್ನ ಎಂಟನೆಯ ತರಗತಿಯಲ್ಲಿ ಅವ್ವ ತೀರಿಕೊಂಡಾಗಿನಿಂದ ನನಗೆ ಜಡೆ ಹಾಕಿ ಕಳಿಸಿದವನು ಹಾಗೆ ಕೇಳಿದ. ಆಗ ನನಗೆ ಇನ್ನೂ ಸಂಕಟವಾಗುತ್ತಿತ್ತು. ಮೊಬೈಲಿನಲ್ಲಿ ಪೂರ್ತಿ ಹಾಡು ಕೇಳಿಸು ಎಂದ. ಮೂರು ಸಲ ಕೇಳಿದ. ‘ಊದಾದು ತಪ್ಪೈತಿ, ಕೊನೀದು ಇನ್ನೂ ಎಳೀಬೇಕು’ ಎಂದು ಎದ್ದು ನಿಂತು ತಾನೇ ಊದಿ ತೋರಿಸಿದ. ನಮ್ಮ ರೆಕಾರ್ಡಿಂಗಿನಲ್ಲಿರುವ ಸೀಟಿ ಅಪ್ಪನದೇ. ಮರುವರ್ಷ ಹೆಣ್ಣನ್ನೂ ಕೊಟ್ಟ, ನಮ್ಮ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳಕ್ಕಿಂತ ಮೊದಲು ಸೀಟಿಯೇ ಊದಿದ. ಮಾರುತೇಶ ನಕ್ಕು ನಕ್ಕು ಅಕ್ಷತೆಯ ತಟ್ಟೆ ಕೆಳಗೆ ಹಾಕಿದ.

ನಾವು ಬೆಂಗಳೂರಿನ ಕ್ಲಬ್ಬೊಂದರಲ್ಲಿ ಹಾಡಿದ ವಿಷಯವನ್ನೂ ಬರೆಯಬೇಕಂತೆ. ಬನಿಯನ್ನಿಗೆ ಹಚ್ಚಿಕೊಳ್ಳಲು ಡಬ್ಬಿಯಲ್ಲಿ ಧೂಳು ತುಂಬಿಕೊಂಡು ರೈಲು ಹತ್ತಿದ ಬ್ಯಾಂಡ್ ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು. ಅಲ್ಲಿಯ ಜನ ಹಾಡಿನ ತಮಾಷೆಗೆ ನಗಲಿಲ್ಲ, ನಾವು ನಡುವೆ ಆಡುತ್ತಿದ್ದ ಮಾತಿನ ರೀತಿಗೆ ನಕ್ಕರು. ಒಬ್ಬಳು ಬಂದು ಬನಿಯನ್ನಿನ ಬಣ್ಣ ಎಲ್ಲಿ ಹಾಕಿಸಿದಿರಿ ಎಂದು ಕೇಳಿದಳು. ‘ದೇವರು ಹಾಕ್ಯಾನ್ರಿ’ ಎಂದ ಮಾರುತೇಶ. ಅದನ್ನೂ ಅವಳು ಬರೆದುಕೊಂಡಳು. ವಾಪಸ್ ಬರುವಾಗ ರೈಲಿನಲ್ಲಿ ನೀನು ಸಿಟ್ಟಾಗಿದ್ದೆ, ಅವನು ಮಾತ್ರ ಸೀಟಿನ ಮೇಲೆ ಬೆರಳು ಬಡಿಯುತ್ತ ಊರು ಬರುವವರೆಗೂ ಹಾಡುತ್ತಿದ್ದ. ಅವನಷ್ಟು ಸುಲಭವಾಗಿ ಸಂತೋಷಪಡುವ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಮುಂದಿನದು ಪರಿಚಯದಲ್ಲಿ ಬೇಡ, ನಿನಗೆ ಮಾತ್ರ. ೨೦೨೨ರ ಮಾರ್ಚ್ ಹದಿನಾರು, ಬುಧವಾರ. ಗಣಿಯವರ ವಿಚಾರಣೆಯಲ್ಲಿ ಹೇಳಿದ್ದನ್ನೇ ಮತ್ತೆ ಬರೆಯುತ್ತೇನೆ. ನಾವಿಬ್ಬರೂ ಬೆಳಿಗ್ಗೆಯೇ ಯಶವಂತನಗರಕ್ಕೆ ಹೋಗಿದ್ದೆವು. ನೀನು ಹಳೆಯ ಗೋಡೌನಿನಲ್ಲಿ ಪ್ರಾಕ್ಟೀಸಿಗೆ ವೈರ್ ಜೋಡಿಸುತ್ತಿದ್ದೆ. ನಾನು ಅಪ್ಪನಿಗೆ ಬುತ್ತಿ ಕೊಟ್ಟು ಒಂದೂವರೆಗೆ ತಿರುವಿನಿಂದ ಹೊರಟೆ, ಕೆರೆಯ ಕಡೆ ಹೋದೆ. ಮೊದಲ ಸೈರನ್ ಆಗಿತ್ತು. ಮಾರುತೇಶ ಬೈಕಿನಲ್ಲಿ ಬಂದ. ಹಾಡಿನ ಸೀಟಿ ಕೇಳಿಸಿತು, ಅವನು ಹಾರ್ನಿನಲ್ಲಿ ಅದನ್ನೇ ತಿರುಗಿ ಹೊಡೆದು, ತಿರುವು ದಾಟಿ ಮುಂದೆ ಹೋದ. ಎರಡನೆಯ ಸೈರನ್ ಆಯಿತು. ಹಾರಿ ಬಂದ ಕಲ್ಲು ಒಂದೇ, ಅದು ಅವನ ತಲೆಗೇ ಬಡಿಯಿತು. ಹಾಡಿನ ಸೀಟಿ ಕೇಳಿದ್ದಾಗಿ ತಿರುವಿನಾಚೆ ನಿಂತಿದ್ದ ಟಿಪ್ಪರ್ ಡ್ರೈವರ್ ಹೇಳಿದ. ಅಪ್ಪ ಅಲ್ಲಗಳೆಯಲಿಲ್ಲ. ‘ಹೌದ್ರಿ, ನಾನೇ ಊದಿದೆ, ಹುಡುಗನ್ನ ನೋಡಿ ಖುಷಿ ಆತು’ ಎಂದ. ಕೆಲಸ ಹೋಯಿತು.

ಗಾದಿಗನೂರಿನಲ್ಲಿ ಮಣ್ಣಿಗೆ ಇಡುವ ಮೊದಲು ನೀನು ಅಪ್ಪನ ಎದುರು ನಿಂತು ‘ಮೂವತ್ತು ವರ್ಷ ಗುಡ್ಡ ಕಾಯ್ದಿ, ಒಬ್ಬ ಹುಡುಗನ್ನ ಕಾಯಾಕ ಆಗಲಿಲ್ಲ ನಿನಗ’ ಎಂದೆ. ಇಡೀ ಊರು ಕೇಳಿಸಿಕೊಂಡಿತು. ‘ತಪ್ಪಾತಪ್ಪಾ’ ಎಂದಷ್ಟೇ ಅವನು ಹೇಳಿದ. ಅವತ್ತು ಸಂಜೆ ನಾನು ಅವನ ಜೊತೆ ಹೊರಟೆ, ನಿನ್ನ ಜೊತೆ ಬರಲಿಲ್ಲ. ಗೆಳೆಯನನ್ನು ಕೊಂದವನ ಕಡೆ ನಿಂತೆಯಲ್ಲ ಎಂದು ನೀನು ಎಷ್ಟೋ ಸಲ ಕೇಳಿದೆ. ಪ್ರತಿ ಸಲವೂ ನಾನು ಫೋನ್ ಇಟ್ಟೆ. ಅಪ್ಪ ವರ್ಷಕ್ಕೊಮ್ಮೆ ಆ ತಾರೀಖಿಗೆ ಗಾದಿಗನೂರಿಗೆ ಹೋಗುತ್ತಾನೆ. ಮಾರುತೇಶನ ಅವ್ವ ಉಚ್ಚೆಂಗಮ್ಮ ಬಾಗಿಲ ಹೊರಗೆ ಒಂದು ತಂಬಿಗೆ ನೀರು ಇಟ್ಟು ಒಳಗೆ ಹೋಗುತ್ತಾಳಂತೆ, ಮುಖ ನೋಡುವುದಿಲ್ಲ. ಅಪ್ಪ ನೀರು ಕುಡಿದು ಬರುತ್ತಾನೆ. ಈಗ ಕಲ್ಯಾಣಮಂಟಪವೊಂದರ ಮುಂದೆ ಕಾರು ನಿಲ್ಲಿಸುವ ಕೆಲಸದಲ್ಲಿದ್ದಾನೆ. ಅವರು ಸೀಟಿ ಕೊಟ್ಟಿದ್ದರು, ಬ್ಯಾಡ್ರಿ ಎಂದು ವಾಪಸ್ ಕೊಟ್ಟು ಕೈಸನ್ನೆಯಲ್ಲೇ ಮಾಡುತ್ತಾನೆ.

ಈಗ ನನ್ನ ಉತ್ತರ. ನಾನು ಬರುವುದಿಲ್ಲ. ಡಿಸೆಂಬರಿನಲ್ಲಿ ಲಗ್ನಪತ್ರಿಕೆಯ ಗದ್ದಲ, ಪ್ರೆಸ್ಸಿನಲ್ಲಿ ರಜೆ ಕೊಡುವುದಿಲ್ಲ. ಬೇಸ್ ಮುಟ್ಟದೆ ಬೆರಳು ಮೆತ್ತಗಾಗಿವೆ. ಅಪ್ಪನಿಗೆ ಮಂಡಿನೋವು, ಸ್ಟೇಜ್ ಹತ್ತಲಾರ. ಆ ಹಾಡನ್ನು ಬಿಡು, ಉಪ್ಪಿಟ್ಟಿನ ಹಾಡು ಹಾಡು, ಅದಕ್ಕೂ ಜನ ನಗುತ್ತಾರೆ. ಮೂಕಣ್ಣನಿಗೆ ಜಲ್ದಿ ಬಾರಿಸಲು ಹೇಳು. ಕಂಪ್ಲಿಯ ಕೋಣೆಗೆ ಸುಣ್ಣ ಹೊಡೆಸಿದ್ದಕ್ಕೆ ಸಂತೋಷ; ನಿಮ್ಮಣ್ಣನ ಹೆಂಡತಿ, ನಿಮ್ಮ ವೈನಿ, ಅಲ್ಲಿ ಮೆಣಸಿನಕಾಯಿ ಒಣಗಿಸಿಕೊಳ್ಳಲಿ.

ನಿನ್ನ ಆರೋಗ್ಯ ನೋಡಿಕೋ. ಮಿಲ್ಲಿನ ತೌಡಿನ ಧೂಳಿಗೆ ಕೆಮ್ಮು ಜಾಸ್ತಿಯಾಗುತ್ತದೆ, ಮೂಗಿಗೆ ಬಟ್ಟೆ ಕಟ್ಟು.

ಇಂತಿ,
ಸುಕನ್ಯಾ

ತಾ.ಕ.: ಮೇಲಿನದನ್ನು ಬರೆದು ಲಕೋಟೆಗೆ ಅಂಟು ಹಚ್ಚಿದ್ದೆ. ಅಪ್ಪ ಬಂದು ಏನು ಬರೆದೆ ಎಂದು ಕೇಳಿದ. ಬರಂಗಿಲ್ಲ ಅಂತ ಬರದೆ ಎಂದೆ. ‘ನೀ ಬ್ಯಾಡ, ನಾ ಹೋಗಿ ನಿಂತು ಬರ್ತೀನಿ. ಅವನ ಮನಸು ಹಗುರ ಆಗ್ಲಿ. ನಂದೇನು ಹೋಗೂದೈತಿ’ ಎಂದ. ಲಕೋಟೆ ಹರಿದು ಇದನ್ನು ಸೇರಿಸುತ್ತಿದ್ದೇನೆ.

ಅವತ್ತು ಸೀಟಿ ಊದಿದವನು ಅಪ್ಪ ಅಲ್ಲ, ನಾನು.

ನಾನು ಬುತ್ತಿ ಕೊಟ್ಟು ಹೋಗಲಿಲ್ಲ. ಶಾಲೆಗೆ ಹೋಗುತ್ತಿದ್ದಾಗಿನಿಂದಲೂ ನಾನು ಬುತ್ತಿ ಒಯ್ದರೆ ಅಪ್ಪ ಬಾವುಟ, ಸೀಟಿ ನನ್ನ ಕೈಗೆ ಕೊಟ್ಟು ಬೇವಿನ ಮರದ ಕೆಳಗೆ ಹತ್ತು ನಿಮಿಷ ಕೂತು ಉಣ್ಣುತ್ತಿದ್ದ. ಕೊಡಬಾರದು, ಆದರೂ ಕೊಡುತ್ತಿದ್ದ. ಅವತ್ತೂ ಕೊಟ್ಟಿದ್ದ. ಮಾರುತೇಶ ಬರುತ್ತಿರುವುದು ಕಾಣಿಸಿತು. ಉದ್ದ ಸೀಟಿ ಊದಬೇಕಿತ್ತು, ನಮ್ಮ ಹಾಡಿನದು ಊದಿದೆ. ಹತ್ತಿರ ಬಂದು ನಿಂತು ನಾಲ್ಕು ಮಾತಾಡುತ್ತಾನೆ ಎಂದುಕೊಂಡಿದ್ದೆ. ಅವನು ಹಾರ್ನ್ ಹೊಡೆದು, ಕೈ ಬೀಸಿ, ಬಾವುಟದ ಪಕ್ಕದಿಂದಲೇ ಹೋಗಿಬಿಟ್ಟ. ಕೂಗಲು ಸಮಯ ಇತ್ತು ಹುಲಿಗೇಶ. ನಾನು ನಗುತ್ತಿದ್ದೆ.

ಅಪ್ಪ ಎಂಜಲು ಕೈಯಲ್ಲೇ ಓಡಿ ಬಂದು ಸೀಟಿಯನ್ನು ನನ್ನ ಕೈಯಿಂದ ಕಿತ್ತು ತನ್ನ ಕೊರಳಿಗೆ ಹಾಕಿಕೊಂಡ. ‘ಕೆರಿ ಕಡೆ ಹೋಗು, ನೀ ಇಲ್ಲಿ ಇದ್ದಿದ್ದೇ ಇಲ್ಲ’ ಎಂದ. ಹೋದೆ. ಕೆರೆಯಲ್ಲಿ ಡಬ್ಬಿ ತೊಳೆದೆ, ಮುಚ್ಚಳವನ್ನೂ ತೊಳೆದೆ. ಆಮೇಲೆ ಮೂವತ್ತೊಂದು ವರ್ಷದ ಕೆಲಸ ಹೋಯಿತು, ನೀನು ಬೈದೆ, ಉಚ್ಚೆಂಗಮ್ಮ ಮುಖ ತಿರುಗಿಸಿದಳು, ನಾನು ಒಂದು ಸಲವೂ ಬಾಯಿ ಬಿಡಲಿಲ್ಲ. ಅಪ್ಪ ಕೆಲಸದ ಮೇಲೆ ಒಂದು ದಿನವಾದರೂ ಹಾಡಿನ ಸೀಟಿ ಊದಿದ್ದನ್ನು ನೀನು ಕೇಳಿದ್ದೆಯಾ? ನಿನಗೆ ಒಮ್ಮೆಯೂ ಅನುಮಾನ ಬರಲಿಲ್ಲವಲ್ಲ ಎಂದು ನನಗೆ ನಿನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ನಿನ್ನ ಜೊತೆ ಒಂದೇ ಮನೆಯಲ್ಲಿ ಇದ್ದಿದ್ದರೆ ಒಂದು ದಿನ ಹೇಳಿಬಿಡುತ್ತಿದ್ದೆ, ಅದಕ್ಕೇ ಬಿಟ್ಟು ಬಂದೆ.

ಅಪ್ಪ ಹಂಪಿಗೆ ಬರುತ್ತಾನೆ, ಕರೆದುಕೊಂಡು ಹೋಗು. ಕ್ಷಮಿಸಿದ್ದೇನೆ ಎಂದು ಮಾತ್ರ ಜನರ ಎದುರು ಅವನಿಗೆ ಹೇಳಬೇಡ. ನೀನೇ ಅವನಲ್ಲಿ ಕ್ಷಮೆ ಕೇಳು. ನನ್ನ ವಿಷಯ ನೀನು ಏನು ಮಾಡಿದರೂ ಸರಿ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಗಾದಿಗನೂರಿಗೆ ಹೋಗುತ್ತೇನೆ. ಉಚ್ಚೆಂಗಮ್ಮನಿಗೆ ಹೇಳಿದ ಮೇಲೆಯೇ ಇದನ್ನು ಅಲ್ಲಿಯ ಅಂಚೆ ಡಬ್ಬಿಗೆ ಹಾಕುವುದು. ಕಾಗದ ನಿನ್ನ ಕೈ ಸೇರಿದ್ದರೆ ಅವಳಿಗೆ ಗೊತ್ತಾಗಿದೆ ಎಂದು ತಿಳಿ.